ಒಂದೇ ಮೇಜಿಗೆ ಬಂದ ದಾರಿ

ಬೆಂಗಳೂರಿನಲ್ಲಿ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಹೊರಟರೆ ದಕ್ಷಿಣ ಇಂಡಿಯ ಸಭೆಯ ಮೂರು ಬೇರುಗಳನ್ನು ಕಾಲ್ನಡಿಗೆಯಲ್ಲೇ ನೋಡಿ ಬರಬಹುದು. ಅವೆನ್ಯೂ ರಸ್ತೆಯ ಸಂತೆಗದ್ದಲದ ನಡುವೆ ರೈಸ್ ಮೆಮೋರಿಯಲ್ ದೇವಾಲಯವಿದೆ. ಲಂಡನ್ ಮಿಶನ್ನಿನಿಂದ ಬಂದು ಐವತ್ತು ವರ್ಷ ಇದೇ ಊರಿನಲ್ಲಿ ದುಡಿದು ಇಲ್ಲೇ ಮಣ್ಣಾದ ಬೆಂಜಮಿನ್ ರೈಸರ ಹೆಸರು ಅದಕ್ಕೆ. ಈ ಬೆಂಜಮಿನ್ ರೈಸರ ಮಗನೇ ಶಾಸನಗಳ ರೈಸ್ ಎಂದು ನಾಡಿಗೆಲ್ಲ ಪರಿಚಯವಾದ ಬಿ. ಎಲ್. ರೈಸ್. ಕಾರ್ಪೊರೇಷನ್ ಕಡೆಗೆ ಬಂದರೆ 1904ರ ಹಡ್ಸನ್ ದೇವಾಲಯ ಸಿಗುತ್ತದೆ. ಕನ್ನಡ ಶಾಲೆಗಳಿಗಾಗಿ ಹೆಣಗಿದ ವೆಸ್ಲಿಯನ್ ಮಿಶನರಿ ಜೋಸಯ್ಯ ಹಡ್ಸನ್ ಅವರ ನೆನಪಿಗೆ ಕಟ್ಟಿದ್ದು. ಅಲ್ಲಿಂದ ಮಹಾತ್ಮ ಗಾಂಧಿ ರಸ್ತೆಯ ತುದಿಗೆ ನಡೆದರೆ ಸೇಂಟ್ ಮಾರ್ಕ್ಸ್. ದಂಡಿನ ಸಿಪಾಯಿಗಳಿಗೂ ಅಧಿಕಾರಿಗಳಿಗೂ 1808ರಲ್ಲಿ ಕಟ್ಟಲು ತೊಡಗಿದ ಆಂಗ್ಲಿಕನ್ ಗುಡಿ ಅದು. ಇವತ್ತು ಮೂರಕ್ಕೂ ಒಬ್ಬರೇ ಬಿಷಪ್, ಒಂದೇ ಆರಾಧನಾ ಕ್ರಮ, ಒಂದೇ ಸಿನಡ್. 1947ರ ಸೆಪ್ಟೆಂಬರಿನವರೆಗೆ ಹಾಗಿರಲಿಲ್ಲ. ಒಂದು ದೇವಾಲಯದಲ್ಲಿ ಕರ್ತನ ಭೋಜನಕ್ಕೆ ಕೂತವನು ಇನ್ನೊಂದರಲ್ಲಿ ಕೂರಬಹುದೇ ಎಂಬುದು ಆಗ ನಿಜವಾದ ಪ್ರಶ್ನೆ.

ಈ ಬೇರ್ಪಾಡು ಬಂದ ಬಗೆಯನ್ನು ಮೊದಲು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನ್ನುಗಳು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಬಾರದೆಂದು ಸೀಮೆ ಹಂಚಿಕೊಂಡವು. ಮೈಸೂರು, ತುಮಕೂರು, ಶಿವಮೊಗ್ಗ, ಹಾಸನದ ಕಡೆ ವೆಸ್ಲಿಯನ್ನರು. ಬಳ್ಳಾರಿ, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಶನ್. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗಿನಲ್ಲಿ ಬಾಸೆಲ್ ಮಿಶನ್. ಏರ್ಪಾಡು ಒಳ್ಳೆಯದೇ. ಆದರೆ ಇದರಿಂದ ಒಂದು ವಿಚಿತ್ರ ಹುಟ್ಟಿತು. ತುಮಕೂರಿನ ವಿಶ್ವಾಸಿ ಜಾನ್ ವೆಸ್ಲಿಯ ಬೋಧನೆಯನ್ನು ತೂಗಿ ನೋಡಿ ವೆಸ್ಲಿಯನ್ ಆದವನಲ್ಲ. ಬಳ್ಳಾರಿಯವನಿಗೆ ಸಭಾಡಳಿತದ ಬಗ್ಗೆ ಇಂಗ್ಲೆಂಡಿನಲ್ಲಿ ನಡೆದ ಜಗಳದ ಗಂಧಗಾಳಿಯೂ ಇರಲಿಲ್ಲ. ಅವನು ನಂಬಿದ್ದು ಯೇಸುವನ್ನು. ಪಂಗಡ ಬಂದದ್ದು ಊರಿನಿಂದ. ರೈಲು ಬಂದು, ಮೇಷ್ಟರ ನೌಕರಿ ಬಂದು, ಜನ ಊರೂರು ವರ್ಗವಾಗತೊಡಗಿದ ಮೇಲೆ ಈ ವಿಚಿತ್ರ ಕಣ್ಣಿಗೆ ಹೊಡೆಯಿತು. ಇಂದಿಗೂ ನಮ್ಮ ಮನೆಗಳಲ್ಲಿ ಸಂಬಂಧ ನೋಡುವಾಗ ಹಿರಿಯರು, ‘ಅವರದು ಬಾಸೆಲ್ ಮಿಶನ್ನೋ, ವೆಸ್ಲಿಯನ್ನೋ?’ ಎಂದು ಕೇಳದೆ ಬಿಡುವುದಿಲ್ಲ. ಕೇಳಿದ ಮೇಲೆ ಉತ್ತರದಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎನ್ನುವುದು ಬೇರೆ ಮಾತು.

ಒಂದಾಗುವ ಕೆಲಸ 1947ರಲ್ಲಿ ದಿಢೀರನೆ ಶುರುವಾದದ್ದಲ್ಲ. ಅದಕ್ಕೂ ಎಷ್ಟೋ ಮೊದಲೇ ನಮ್ಮನ್ನು ಒಂದು ಕಟ್ಟಿನಲ್ಲಿ ಹಿಡಿದಿದ್ದದ್ದು ಕನ್ನಡ ಸತ್ಯವೇದ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ತೊಡಗಿಸಿದ ಅನುವಾದವನ್ನು ಮುಂದೆ ತಿದ್ದಿ ಹಸನು ಮಾಡುವಾಗ ಬಾಸೆಲ್ ಮಿಶನ್ನಿನ ವೈಗ್ಲೆ, ಲಂಡನ್ ಮಿಶನ್ನಿನ ರೈಸ್, ಹೀಗೆ ಬೇರೆ ಬೇರೆ ಪಾಳೆಯದವರು ಕೈ ಹಾಕಿದರು. ಕಲಹವಿಲ್ಲದೆ ಮುಗಿಯಿತೆಂದಲ್ಲ; ಪದವೊಂದಕ್ಕೆ ವಾರಗಟ್ಟಲೆ ವಾದ ಮಾಡುವ ಜಾತಿಯವರು ಭಾಷಾಂತರಕಾರರು. ಆದರೂ ಮಂಗಳೂರಿನ ಬಾಸೆಲ್ ಸಭೆಯೂ ಮೈಸೂರಿನ ವೆಸ್ಲಿಯನ್ ಸಭೆಯೂ ಭಾನುವಾರ ಓದುತ್ತಿದ್ದದ್ದು ಅದೇ ಪುಸ್ತಕ. ಬಾಸೆಲ್ ಮಿಶನ್ನೇ ಒಂದು ಬಗೆಯ ಕೂಡುಕುಟುಂಬ: ಲೂಥರನ್ನರೂ ರಿಫಾರ್ಮ್ಡ್ ಪರಂಪರೆಯವರೂ ಸೇರಿ ನಡೆಸುತ್ತಿದ್ದ ಸಂಸ್ಥೆ.

ಹಾಗೆ ನಮ್ಮನ್ನು ಕಟ್ಟಿದ ಎರಡನೆಯದು 1910ರಲ್ಲಿ ಬೆಂಗಳೂರಿನಲ್ಲಿ ತೆರೆದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. ಹಲವು ಮಿಶನ್ನುಗಳು ಸೇರಿ ಒಂದೇ ಕಾಲೇಜು ನಡೆಸುವುದೆಂದು ತೀರ್ಮಾನಿಸಿದಾಗ ಅವುಗಳಿಗೆ ಖರ್ಚಿನ ಲೆಕ್ಕವೂ ಇತ್ತು, ಸಂಶಯ ಬೇಡ. ಅಲ್ಲಿ ಪ್ರಾಂಶುಪಾಲರಾಗಿ ಬಹುಕಾಲ ಇದ್ದ ಎಲ್. ಪಿ. ಲಾರ್ಸನ್ ಡೆನ್ಮಾರ್ಕಿನವರು. ಇಂಗ್ಲಿಷರ ಪಂಗಡಜಗಳದಲ್ಲಿ ಅವರಿಗೆ ಪಾಲಿರಲಿಲ್ಲ, ಅದೂ ಒಂದು ಅನುಕೂಲವೇ ಆಯಿತು. ಮುಂದೆ ಬೇರೆ ಬೇರೆ ಸಭೆಗಳಿಗೆ ಪಾಲಕರಾಗಬೇಕಾದ ಹುಡುಗರು ಒಂದೇ ಹಾಸ್ಟೆಲಿನಲ್ಲಿ ಮಲಗಿ, ಒಂದೇ ಊಟದ ಮನೆಯಲ್ಲಿ ಉಂಡು, ಬೆಳಗಿನ ಪ್ರಾರ್ಥನೆಗೆ ಒಟ್ಟಿಗೆ ಮೊಣಕಾಲೂರಿ, ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬರ ಟಿಪ್ಪಣಿ ಒಬ್ಬರು ಬರೆದುಕೊಂಡು ಬೆಳೆದರು. ದಶಕಗಳ ನಂತರ ಐಕ್ಯಕ್ಕೆ ಕೈ ಎತ್ತಿದವರಲ್ಲಿ ಹಲವರು ಇಂಥವರೇ. ಸಮಿತಿಗಳ ಗೊತ್ತುವಳಿಗಳಿಗಿಂತ ಈ ಹಾಸ್ಟೆಲು ಹೆಚ್ಚು ಕೆಲಸ ಮಾಡಿತೆಂದು ನನಗೆ ಅನ್ನಿಸುತ್ತದೆ.

ಗೊತ್ತುವಳಿಗಳೂ ಬೇಕಾಗಿತ್ತು. 1908ರಲ್ಲಿ ಕಾಂಗ್ರೆಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಕೂಡಿ ಸೌತ್ ಇಂಡಿಯ ಯುನೈಟೆಡ್ ಚರ್ಚ್ ಆಗಿದ್ದವು. ಲಂಡನ್ ಮಿಶನ್ನಿನ ನಮ್ಮ ಸಭೆಗಳು ಅದರಲ್ಲಿದ್ದವು. ನಿಜವಾದ ದೊಡ್ಡ ಹೆಜ್ಜೆ ಬಿದ್ದದ್ದು 1919ರ ಮೇ 1 ಮತ್ತು 2ರಂದು, ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ. 1706ರಲ್ಲಿ ಜೀಗನ್‌ಬಾಲ್ಗ್ ಮತ್ತು ಪ್ಲೂಚೌ ಹಡಗಿನಿಂದಿಳಿದ, ಪ್ರಾಟೆಸ್ಟಂಟ್ ಮಿಶನ್ ಮೊದಲು ಕಾಲೂರಿದ ಊರದು. ಅಲ್ಲಿ ಸೇರಿದ 33 ಜನರಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯ ಪಾಲಕರು. ದೋರ್ಣಕಲ್ಲಿನ ಬಿಷಪ್ ವೇದನಾಯಗಂ ಸಾಮುವೇಲ್ ಅಜರಯ್ಯ ಈ ಕೂಟದ ಜೀವಾಳ. ಅವರು 1912ರಲ್ಲಿ ಬಿಷಪ್ ಆದ ಮೊದಲ ಭಾರತೀಯ ಆಂಗ್ಲಿಕನ್. ತಮಿಳು ನೆಲದಲ್ಲಿ ಹುಟ್ಟಿ ತೆಲುಗು ಹಳ್ಳಿಗಳಿಗೆ ಹೋಗಿ ದುಡಿದವರು.

ತರಂಗಂಬಾಡಿಯವರು ಹೊರಡಿಸಿದ ಹೇಳಿಕೆಯ ತಿರುಳು ಇಷ್ಟು: ಈ ಒಡಕುಗಳನ್ನು ನಾವು ಮಾಡಿದ್ದಲ್ಲ, ಯಾರೋ ಮಾಡಿ ನಮ್ಮ ಮೇಲೆ ಹೊರಿಸಿದ್ದು, ಇವನ್ನು ಹೊತ್ತುಕೊಂಡು ಇಂಡಿಯಕ್ಕೆ ಸುವಾರ್ತೆ ಸಾರಲು ಆಗದು. ಅಜರಯ್ಯನವರಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. ದೋರ್ಣಕಲ್ ಸೀಮೆಯ ಹಳ್ಳಿಗಳಲ್ಲಿ ಮಾಲ, ಮಾದಿಗ ಕೇರಿಗಳ ಜನ ಕ್ರಿಸ್ತನ ಹೆಸರಿನಲ್ಲಿ ಒಂದೇ ಪಾತ್ರೆಯಿಂದ ಕುಡಿಯಲು ಕಲಿಯುತ್ತಿದ್ದ ಕಾಲ ಅದು. ಅಂಥವರಿಗೆ ಪಕ್ಕದ ತಾಲ್ಲೂಕಿನ ಸಹೋದರರು ಬೇರೆ ಪಂಗಡ, ಅವರ ಜೊತೆ ಭೋಜನ ಕೂಡದು ಎಂದು ಯಾವ ಬಾಯಿಂದ ಹೇಳುವುದು? 1927ರಲ್ಲಿ ಲೋಜಾನ್ ನಗರದಲ್ಲಿ ಕೂಡಿದ ಲೋಕಸಮ್ಮೇಳನದಲ್ಲೂ ಅವರು ಇದನ್ನೇ ಬೇರೆ ರೀತಿ ಹೇಳಿದರು: ಯುರೋಪಿನವರಿಗೆ ಐಕ್ಯ ಒಂದು ಒಳ್ಳೆಯ ಆಸೆ, ನಮಗಾದರೋ ಅದು ಉಳಿವಿನ ಪ್ರಶ್ನೆ.

ತರಂಗಂಬಾಡಿಯಿಂದ ಐಕ್ಯಕ್ಕೆ ಬರಲು ಇಪ್ಪತ್ತೆಂಟು ವರ್ಷ ಹಿಡಿಯಿತು. ವೆಸ್ಲಿಯನ್ನರು, ಅಂದರೆ ಮೆಥಡಿಸ್ಟರು, 1925ರಲ್ಲಿ ಮಾತುಕತೆಗೆ ಬಂದು ಸೇರಿದರು. 1929ರಲ್ಲಿ ಐಕ್ಯದ ಮೊದಲ ಕರಡು ಅಚ್ಚಾಯಿತು. ಆ ಕರಡನ್ನು ಮತ್ತೆ ಮತ್ತೆ ತಿದ್ದಿದರು. ಸತ್ಯವೇದ, ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡು ಸಂಸ್ಕಾರಗಳು, ಇವುಗಳ ವಿಷಯದಲ್ಲಿ ಹೆಚ್ಚು ತಕರಾರು ಇರಲಿಲ್ಲ. ಬಂಡಿ ಹೂತುಕೊಂಡದ್ದು ಬಿಷಪ್ಪರ ವಿಷಯದಲ್ಲಿ. ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಬಿಷಪ್ಪರ ಹಸ್ತದಿಂದ ಅಭಿಷೇಕವಾಗದವನು ಭೋಜನ ನಡೆಸಲು ಅರ್ಹನಲ್ಲ ಎಂಬುದು ಆಂಗ್ಲಿಕನ್ನರಲ್ಲಿ ಒಂದು ಗುಂಪಿನ ಹಟ. ಹಾಗಾದರೆ ನಾವು ಇಷ್ಟು ದಿನ ನಡೆಸಿದ ಭೋಜನಗಳು ಏನು, ನಮ್ಮ ತಂದೆತಾಯಿಗಳು ತೆಗೆದುಕೊಂಡದ್ದು ಬರೀ ರೊಟ್ಟಿಯೇ ಎಂಬುದು ಉಳಿದವರ ಪ್ರಶ್ನೆ. ಎಲ್ಲ ಪಾಲಕರಿಗೂ ಮರಳಿ ಅಭಿಷೇಕ ಮಾಡಿಬಿಡೋಣ ಎಂದರೆ ಮೆಥಡಿಸ್ಟರೂ ಯುನೈಟೆಡ್ ಚರ್ಚಿನವರೂ ಒಪ್ಪುವಂತಿರಲಿಲ್ಲ. ಮಾಡುವುದೇ ಬೇಡ ಎಂದರೆ ಆಂಗ್ಲಿಕನ್ನರು ಒಪ್ಪುವಂತಿರಲಿಲ್ಲ.

ಕೊನೆಗೆ ಕಂಡುಕೊಂಡ ದಾರಿ ನನಗೆ ಈಗಲೂ ಬೆರಗು ತರಿಸುತ್ತದೆ. ಇಂದು ಇರುವ ಎಲ್ಲ ಪಾಲಕರನ್ನೂ ಇರುವ ಹಾಗೆಯೇ ಒಪ್ಪಿಕೊಳ್ಳುವುದು, ಯಾರಿಗೂ ಮರು ಅಭಿಷೇಕವಿಲ್ಲ. ಮುಂದೆ ಆಗುವ ಅಭಿಷೇಕಗಳೆಲ್ಲ ಬಿಷಪ್ಪರ ಕೈಯಿಂದ. ಮೂವತ್ತು ವರ್ಷ ಹೀಗೆ ಕೂಡಿ ಬೆಳೆಯುವುದು, ಆಮೇಲೆ ಉಳಿದದ್ದನ್ನು ನೋಡಿಕೊಳ್ಳುವುದು. ಬಿಷಪ್ಪರು ಇರಬೇಕು, ಆದರೆ ಯಾಕೆ ಇರಬೇಕು ಎಂಬುದಕ್ಕೆ ಎಲ್ಲರೂ ಒಂದೇ ವಿವರಣೆ ಕೊಡಬೇಕೆಂದಿಲ್ಲ. ಜೊತೆಗೆ ಒಂದು ಪ್ರತಿಜ್ಞೆಯನ್ನೂ ಬರೆದಿಟ್ಟರು: ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಪದ್ಧತಿಯನ್ನಾಗಲಿ ಪಾಲಕನನ್ನಾಗಲಿ ಹೇರಕೂಡದು. ಅಂದರೆ ತಕರಾರು ಬಗೆಹರಿದ ಮೇಲೆ ಮದುವೆ ಎಂದು ಕಾಯಲಿಲ್ಲ. ತಕರಾರನ್ನು ಒಳಗಿಟ್ಟುಕೊಂಡೇ ಒಂದು ಮನೆಗೆ ಬಂದರು. ಹಾಗೆ ಬರಲು ಧೈರ್ಯ ಎಲ್ಲಿಂದ ಬಂತು ಎಂದರೆ, ಎದುರಿಗಿದ್ದವನನ್ನು ಕ್ರಿಸ್ತನು ಆಗಲೇ ತನ್ನವನೆಂದು ಸೇರಿಸಿಕೊಂಡಿದ್ದಾನೆ, ಅವನ ಭೋಜನವನ್ನು ಆಶೀರ್ವದಿಸಿದ್ದಾನೆ ಎಂಬ ಒಪ್ಪಿಗೆಯಿಂದ. ಯೋಹಾನನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿ ತಂದೆಗೆ ಮಾಡುವ ಪ್ರಾರ್ಥನೆಯನ್ನು ಇವರು ಮತ್ತೆ ಮತ್ತೆ ತೆಗೆದು ಓದಿದರು. ಅಲ್ಲಿ ಶಿಷ್ಯರ ಐಕ್ಯಕ್ಕೆ ಅಳತೆಯಾಗಿ ಇಟ್ಟಿರುವುದು ತಂದೆಗೂ ಮಗನಿಗೂ ಇರುವ ಸಂಬಂಧವನ್ನೇ. ಅಭಿಷೇಕದ ವಂಶಾವಳಿ ಅಲ್ಲಿ ಬರುವುದಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕನ್ನಡದ ಸಾಹಿತ್ಯಪ್ರಿಯರಿಗೆ ಅಚ್ಚರಿಯಾದೀತು: ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ದಕ್ಷಿಣ ಭಾರತದ ಯೋಜನೆಯ ವಿರುದ್ಧವೇ ಒಂದು ಕಿರುಹೊತ್ತಗೆ ಬರೆದು, ಇದು ಕೂಡುವಿಕೆಯಲ್ಲ, ಕೆಡವುವಿಕೆ ಎಂಬ ಅರ್ಥ ಬರುವಂತೆ ಹೆಸರಿಟ್ಟ. ಪಾಳುಭೂಮಿಯ ಕವಿಗೆ ತುಮಕೂರು, ಬಳ್ಳಾರಿಯ ಸಭೆಗಳ ಮೇಲೆ ಇಷ್ಟು ಕಾಳಜಿ ಇದ್ದೀತೆಂದು ಯಾರು ಎಣಿಸಿದ್ದರು! ಅವನ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹೊರಗೆ ಒಪ್ಪಂದ, ಒಳಗೆ ಗೊಂದಲ ಎಂಬ ಅಪಾಯವಿತ್ತು. ಅದಕ್ಕೆ ಉತ್ತರವಾಗಿ ನಿಂತವರಲ್ಲಿ ಲೆಸ್ಲಿ ನ್ಯೂಬಿಗಿನ್ ಮುಖ್ಯರು. ಸ್ಕಾಟ್ಲೆಂಡಿನ ಸಭೆಯಿಂದ 1936ರಲ್ಲಿ ಬಂದ ಈ ಪ್ರೆಸ್ಬಿಟೇರಿಯನ್, ಯೋಜನೆಯನ್ನು ಸಮರ್ಥಿಸಿ 1948ರಲ್ಲಿ ಒಂದು ಇಡೀ ಪುಸ್ತಕವನ್ನೇ ಪ್ರಕಟಿಸಿದರು.

ಮತ ಬಿದ್ದದ್ದು ಒಂದೊಂದೇ. ಮೆಥಡಿಸ್ಟರು 1943ರಲ್ಲಿ ಒಪ್ಪಿದರು. ಆಂಗ್ಲಿಕನ್ನರ ಮಹಾಸಭೆ 1945ರ ಜನವರಿಯಲ್ಲಿ ಒಪ್ಪಿತು. ಅಜರಯ್ಯ ಅದನ್ನು ಕಾಣಲಿಲ್ಲ. ಅದೇ ಜನವರಿ 1ರಂದು ತೀರಿಕೊಂಡಿದ್ದರು. ಯುನೈಟೆಡ್ ಚರ್ಚ್ 1946ರಲ್ಲಿ ಕೈ ಎತ್ತಿತು.

1947ರ ಸೆಪ್ಟೆಂಬರ್ 27, ಶನಿವಾರ. ಸ್ವಾತಂತ್ರ್ಯ ಬಂದು ಆರು ವಾರ. ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ತಿರುವಾಂಕೂರಿನ ಬಿಷಪ್ ಸಿ. ಕೆ. ಜೇಕಬ್ ಮೂರು ಸಭೆಗಳೂ ಒಂದಾಗಿ ದಕ್ಷಿಣ ಇಂಡಿಯ ಸಭೆಯಾದವೆಂದು ಸಾರಿದರು. ಅಂದು 9 ಮಂದಿ ಹೊಸ ಬಿಷಪ್ಪರ ಅಭಿಷೇಕವಾಯಿತು. ಅವರಲ್ಲಿ ನ್ಯೂಬಿಗಿನ್ ಒಬ್ಬರು, ವಯಸ್ಸು 37. ನಮ್ಮ ಕಡೆಯಿಂದ ಪಿ. ಗುರುಶಾಂತ ಮೈಸೂರು ಸಭಾಪ್ರಾಂತದ ಬಿಷಪ್ ಆದರು. ಮೆಥಡಿಸ್ಟ್ ಪಾಲಕರೊಬ್ಬರು ಆಂಗ್ಲಿಕನ್ ಬಿಷಪ್ಪರ ಮುಂದೆ ಮೊಣಕಾಲೂರಿ, ಎದ್ದಾಗ ಅವರಿಗೆ ಸರಿಸಮನಾಗಿದ್ದರು. ಲಂಡನ್ನಿನಲ್ಲಿ ಒಬ್ಬರಿಗೊಬ್ಬರು ಪೀಠ ಬಿಟ್ಟುಕೊಡದಿದ್ದ ಎರಡು ಪರಂಪರೆಗಳು ಮದರಾಸಿನಲ್ಲಿ ಒಂದಾದವು. ಹೊಸ ಸಭೆಯ ಮುಖ್ಯಸ್ಥರಾಗಿ, ಅಂದರೆ ಮೊದಲ ಮಾಡರೇಟರ್ ಆಗಿ, ಮೈಕೆಲ್ ಹಾಲಿಸ್ ಆಯ್ಕೆಯಾದರು. ಇಂಗ್ಲೆಂಡಿನ ಸಭೆ ಮಾತ್ರ ಬಹಳ ವರ್ಷ ಅರೆಮನಸ್ಸಿನಲ್ಲೇ ಇತ್ತು.

ಕಾಗದದ ಮೇಲೆ ಆದ ಐಕ್ಯ ಪೀಠದ ಮೇಲೆ, ಬೆಂಚಿನ ಮೇಲೆ ಇಳಿದದ್ದು 1950ರಲ್ಲಿ ಬಂದ ಕರ್ತನ ಭೋಜನದ ಹೊಸ ಕ್ರಮದಿಂದ. ಅದನ್ನು ಯಾವ ಒಂದು ಪಂಗಡದ ಪುಸ್ತಕದಿಂದಲೂ ನಕಲು ಮಾಡಲಿಲ್ಲ. ಸಭಾಪಾಲಕರು ಗೋಡೆಗೆ ಮುಖ ಮಾಡಿ ಜನಕ್ಕೆ ಬೆನ್ನು ತೋರಿಸುವ ಬದಲು ಮೇಜಿನ ಆಚೆಗೆ ನಿಂತು ಎಲ್ಲರನ್ನೂ ನೋಡುತ್ತಾರೆ. ರೋಮಿನವರು ಈ ಬದಲಾವಣೆಗೆ ಬರಲು ಇನ್ನೂ ಹದಿನೈದು ವರ್ಷ ಬೇಕಾಯಿತು. ರೊಟ್ಟಿ, ದ್ರಾಕ್ಷಾರಸಗಳನ್ನು ಸಭೆಯ ಜನರೇ ನಡುಹಾದಿಯಲ್ಲಿ ತಂದೊಪ್ಪಿಸುತ್ತಾರೆ. ಒಂದು ಪ್ರಾರ್ಥನೆ ಸ್ಪೇನ್ ದೇಶದ ಪ್ರಾಚೀನ ಆರಾಧನೆಯಿಂದ ಬಂದದ್ದು. ಸಮಾಧಾನ ಹಂಚುವ ಕ್ರಮ ಕೇರಳದ ಸಿರಿಯನ್ ಕ್ರೈಸ್ತರದು.

ಆ ಸಮಾಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಭಾಪಾಲಕರು ಮೇಜಿನ ಬಳಿ ನೆರವಿಗೆ ನಿಂತವರಿಗೆ ಮೊದಲು ಕೊಡುತ್ತಾರೆ, ಅವರು ಇಳಿದು ಬಂದು ಪ್ರತಿ ಸಾಲಿನ ತುದಿಯವರಿಗೆ, ಅಲ್ಲಿಂದ ಪಕ್ಕದವರಿಗೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು. ಆಮೇಲೆ ಇಬ್ಬರೂ ತಮ್ಮ ಎಡಗೈಯನ್ನು ಇನ್ನೊಬ್ಬರ ಬಲಗೈ ಮೇಲೆ ಮುಚ್ಚಬೇಕು. ಕೈಕುಲುಕುವಂತಲ್ಲ, ನಮಸ್ಕಾರವೂ ಅಲ್ಲ. ಗಾಬರಿಯಲ್ಲಿ ಎಡಗೈ ಎಲ್ಲಿಡಬೇಕೆಂದು ತಿಳಿಯದೆ ತಡಕಾಡುವವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಚಿಕ್ಕ ಮಕ್ಕಳಂತೂ ನಗು ತಡೆಯಲಾರರು. ಸಾಲಿನಲ್ಲಿ ಯಾರು ಕೂತಿರುತ್ತಾರೋ ಅವರಿಗೇ ಕೊಡಬೇಕು, ಬೇಕಾದವರನ್ನು ಆರಿಸಿಕೊಳ್ಳುವಂತಿಲ್ಲ. ಕಮಿಟಿ ಚುನಾವಣೆಯಲ್ಲಿ ಕಳೆದ ವಾರ ಎದುರಾಳಿಯಾಗಿದ್ದವರು ಪಕ್ಕದಲ್ಲಿದ್ದರೆ ಅವರ ಅಂಗೈಯೇ. ಮುಖ ತಿರುಗಿಸಿಕೊಂಡು ಕೈ ಕೊಟ್ಟವರನ್ನೂ ನೋಡಿದ್ದೇನೆ. ಕೊಡದೆ ಹೋದವರನ್ನು ಅಪರೂಪಕ್ಕೂ ನೋಡಿಲ್ಲ.

ಕರ್ನಾಟಕದಲ್ಲಿ ಐಕ್ಯ ಒಂದೇ ಸಲಕ್ಕೆ ಮುಗಿಯಲಿಲ್ಲ. 1947ರಲ್ಲಿ ಬಂದವರು ವೆಸ್ಲಿಯನ್ನರು, ಲಂಡನ್ ಮಿಶನ್ನಿನವರು, ಆಂಗ್ಲಿಕನ್ನರು. ಮಂಗಳೂರು, ಧಾರವಾಡದ ಬಾಸೆಲ್ ಸಭೆಗಳು ಹೊರಗೇ ಉಳಿದವು. ಮಲಬಾರಿನ ಬಾಸೆಲ್ ಸಭೆಗಳು ಎಷ್ಟೋ ಮೊದಲೇ ಯುನೈಟೆಡ್ ಚರ್ಚಿಗೆ ಸೇರಿದ್ದರೂ ಇವರು ಹಿಂದುಮುಂದು ನೋಡಿದರು. ಕಾರಣವಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಸರಕಾರ ಹಿಡಿದು ಹೊರಗಟ್ಟಿದಾಗ, ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆಗಳು ಪರರ ಪಾಲಾದಾಗ, ಅನಾಥವಾದ ಸಭೆಗಳನ್ನು ಇಲ್ಲಿನ ಹಿರಿಯರೇ ಹೆಗಲು ಕೊಟ್ಟು ಹಿಡಿದರು. ಹಾಗೆ ಕಷ್ಟಪಟ್ಟು ಉಳಿಸಿಕೊಂಡದ್ದನ್ನು ಬಿಷಪ್ಪರ ಕೈಗೆ ಒಪ್ಪಿಸುವುದೆಂದರೆ ಮನಸ್ಸು ಹಿಂಜರಿಯಿತು. ಸಭಾಹಿರಿಯರ ಮಂಡಲಿ ನಡೆಸುವ ಸಭೆ ಅವರದು, ಕೋಲು ಹಿಡಿದು ಟೋಪಿ ಧರಿಸಿದ ಬಿಷಪ್ ಅವರಿಗೆ ಅಪರಿಚಿತ. ಮುಂದಿನ ಎರಡು ದಶಕಗಳಲ್ಲಿ ಮೊದಲು ಉತ್ತರ ಕರ್ನಾಟಕದ, ಆಮೇಲೆ ಕರಾವಳಿ ಮತ್ತು ಕೊಡಗಿನ ಬಾಸೆಲ್ ಸಭೆಗಳು ಬಂದು ಸೇರಿದವು. ಮಂಗಳೂರಿನ ಬಲ್ಮಠದಲ್ಲಿ 1847ರಿಂದ ಬಾಸೆಲ್ ಮಿಶನ್ ನಡೆಸುತ್ತಿದ್ದ ಪಾಠಶಾಲೆಯ ನೆಲದಲ್ಲಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ತೆರೆದದ್ದೂ ಈ ಕಾಲದಲ್ಲೇ. ಗುರುಶಾಂತರ ನಂತರ ಬಂದ ನಾರ್ಮನ್ ಸಾರ್ಜೆಂಟ್, ಲಿಂಗಾಯತರ ಬಗ್ಗೆ ಪುಸ್ತಕ ಬರೆಯುವಷ್ಟು ಈ ನಾಡನ್ನು ಅಭ್ಯಾಸ ಮಾಡಿದವರು, ಹಿಗ್ಗಿದ ಸಭಾಪ್ರಾಂತವನ್ನು ನಡೆಸಿದರು. ಒಬ್ಬರ ಕೈಯಲ್ಲಿ ಆಗದಷ್ಟು ಅದು ದೊಡ್ಡದಾದಾಗ 1970ರ ಸುಮಾರಿಗೆ ಬೆಂಗಳೂರು, ಧಾರವಾಡ, ಮಂಗಳೂರು ಕೇಂದ್ರಗಳಾಗಿ ಮೂರು ಸಭಾಪ್ರಾಂತಗಳು ಮೂಡಿದವು.

ಇನ್ನು ಹೊರಗಿರುವವರು. ಬೀದರ್, ಕೋಲಾರದ ಅಮೆರಿಕನ್ ಮೆಥಡಿಸ್ಟರು ಅಂದೂ ಬರಲಿಲ್ಲ, ಇಂದೂ ಇಲ್ಲ; ಒಂದೇ ವೆಸ್ಲಿಯ ಮಕ್ಕಳು ನಮ್ಮ ರಾಜ್ಯದಲ್ಲೇ ಎರಡು ಮನೆಯಾಗಿದ್ದಾರೆ. ಮಾರ್ತೋಮ ಸಭೆಯೊಡನೆ, ಉತ್ತರ ಇಂಡಿಯ ಸಭೆಯೊಡನೆ ಭೋಜನದ ಹಂಚಿಕೆ ಇದೆ. ಉತ್ತರ ಇಂಡಿಯದವರು 1970ರ ನವೆಂಬರ್ 29ರಂದು ನಾಗಪುರದಲ್ಲಿ ತಮ್ಮ ಐಕ್ಯವನ್ನು ಮಾಡಿಕೊಂಡರು. ಕಥೋಲಿಕರೊಂದಿಗೆ ಪ್ರಾರ್ಥನಾ ವಾರದಲ್ಲಿ ಕೂಡುತ್ತೇವೆ, ಭೋಜನದಲ್ಲಿ ಕೂಡುವುದಿಲ್ಲ.

ಒಳಗಿನ ಮಾತನ್ನೂ ಮುಚ್ಚಿಡುವುದು ತರವಲ್ಲ. ಪಂಗಡ ಹೋಯಿತು, ಜಾತಿ ಹೋಗಲಿಲ್ಲ. ಭಾಷೆಯ ಗೆರೆಗಳು ಅಲ್ಲಲ್ಲೇ ಇವೆ. ಒಂದೇ ಕಾಂಪೌಂಡಿನಲ್ಲಿ ಕನ್ನಡ ಆರಾಧನೆ ಮುಗಿಸಿ ಹೊರಬರುವವರು ತಮಿಳು ಆರಾಧನೆಗೆ ಒಳಹೋಗುವವರ ಹೆಸರನ್ನೂ ತಿಳಿದಿರುವುದಿಲ್ಲ. ಹಿಂದಿನವರು ಬಿಟ್ಟುಹೋದ ಆಸ್ತಿಗಳ ಬೆಲೆ ಏರಿದಂತೆ ಸಭೆಯ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲು ಹತ್ತುವುದೂ ಹೆಚ್ಚಿದೆ. ಬಿಷಪ್ ಯಾಕೆ ಬೇಕೆಂಬುದನ್ನು ಇಪ್ಪತ್ತೆಂಟು ವರ್ಷ ಚರ್ಚಿಸಿದವರ ಮೊಮ್ಮಕ್ಕಳು ಯಾರು ಬಿಷಪ್ ಆಗಬೇಕೆಂಬುದಕ್ಕೆ ಅದಕ್ಕಿಂತ ಹೆಚ್ಚು ಶಕ್ತಿ ವ್ಯಯಿಸುತ್ತಾರೆ. ಎಲಿಯಟ್ ಹೆದರಿದ್ದು ಸಿದ್ಧಾಂತದ ಗೊಂದಲಕ್ಕೆ. ಅದರಿಂದ ನಮಗೆ ಹೆಚ್ಚು ತೊಂದರೆಯಾಗಲಿಲ್ಲ. ಮೂವತ್ತು ವರ್ಷದ ಗಡುವು 1977ರಲ್ಲಿ ತುಂಬಿದಾಗ ಮರು ಅಭಿಷೇಕದ ಪ್ರಶ್ನೆ ತಾನಾಗಿಯೇ ಬಲ ಕಳೆದುಕೊಂಡಿತ್ತು. ಹಳೆಯ ಪಾಲಕರು ಬಹುಪಾಲು ನಿವೃತ್ತರಾಗಿದ್ದರು, ಹೊಸಬರೆಲ್ಲ ಒಂದೇ ಬಗೆಯಲ್ಲಿ ಅಭಿಷಿಕ್ತರಾಗಿದ್ದರು.

ಐಕ್ಯವನ್ನು ಒಪ್ಪದೆ ಹಳೆಯ ಆಂಗ್ಲಿಕನ್ ಪದ್ಧತಿಯನ್ನೇ ಹಿಡಿದು ನಿಂತ ಒಂದು ಸೀಮೆಯೂ ಇತ್ತು, ಬಳ್ಳಾರಿಯಿಂದ ಆಚೆ, ರಾಯಲಸೀಮೆಯ ನಂದ್ಯಾಲ. ಬಿಷಪ್ಪರ ಅಭಿಷೇಕದ ವಂಶಾವಳಿ ಕೆಡುತ್ತದೆಂಬ ಭಯ ಅಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಸಂಬಂಧ ಹಳಸಿ, ಒಂದೇ ಕುಟುಂಬದವರು ಎರಡು ಕಡೆಯಾಗಿ ಬಹಳ ವರ್ಷ ಕಳೆದ ಮೇಲೆ 1970ರ ದಶಕದಲ್ಲಿ ನಂದ್ಯಾಲದವರು ದಕ್ಷಿಣ ಇಂಡಿಯ ಸಭೆಗೆ ಬಂದರು. 2013ರಲ್ಲಿ ಈ ಸಭೆ ತನ್ನ ಮೊದಲ ಮಹಿಳಾ ಬಿಷಪ್ಪರನ್ನು ಅಭಿಷೇಕಿಸಿತು. ಅವರು ಎಗ್ಗೋಣಿ ಪುಷ್ಪಲಲಿತ. ಅವರಿಗೆ ಸಿಕ್ಕಿದ್ದು ನಂದ್ಯಾಲದ ಪೀಠ.